ದಿಮ್ಮಿಯೋ ಸಿಡಿಮದ್ದೋ

"ಇದಕ್ಕಿಂತ ದಪ್ಪ ಅಕ್ಷರ ಇಲ್ವೇನಮ್ಮ?" ಎಂದು ತೌನೊ ಬಿಳಿ ರಿಬ್ಬನ್ನನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದ.

"ಅಜ್ಜ, ಇದು ಶವಪೆಟ್ಟಿಗೆ ಹತ್ರ ಇಡೋ ಹೂವು, ಅಂಗಡಿ ಬೋರ್ಡಲ್ಲ," ಎಂದಳು ಹೂವಿನಂಗಡಿಯ ಹುಡುಗಿ. "ಅಲ್ಲ, ಇದನ್ನೇ ಬರೀಬೇಕಾ? ಎಲ್ರೂ 'ನೆಮ್ಮದಿಯಾಗಿ ಮಲಗು' ಅಂತ ಬರೆಸ್ತಾರೆ."

"ಕಾಲೆವಿ ನೆಮ್ಮದಿಯಾಗಿ ಮಲಗೋ ಪೈಕಿ ಅಲ್ಲ. ನಾನು ಹೇಳಿದ್ದು ಬರಿ ನೀನು."

ಎಪ್ಪತ್ತೆರಡು ವರ್ಷದ ತೌನೊನ ಮೈಯಲ್ಲಿ ಆ ಬೆಳಿಗ್ಗೆ ಎಲ್ಲಿಲ್ಲದ ಹುರುಪು. ದುಃಖವಿರಲಿಲ್ಲವೆಂದಲ್ಲ. ಕಾಲೆವಿ ಸೌದೆ ಒಡೆಯುತ್ತಲೇ ಕುಸಿದನೆಂದು ಕೇಳಿದ ದಿನ ಅವನು ಊಟ ಬಿಟ್ಟಿದ್ದ. ಆದರೆ ನಲವತ್ತೊಂಬತ್ತು ವರ್ಷಗಳಿಂದ ಪ್ರತಿ ಶನಿವಾರ ಕಾಲೆವಿಯ ಸೌನಾದಲ್ಲಿ, ಆ ಹಬೆಮನೆಯ ಕಾದ ಕಲ್ಲಿನ ಮೇಲೆ ನೀರು ಸುರಿದುಕೊಂಡು, ಇಬ್ಬರೂ ಹುಟ್ಟುಡುಗೆಯಲ್ಲಿ ಕೂತು ಆಡಿದ ಒಂದು ಜಗಳವಿತ್ತಲ್ಲ, ಅದರಲ್ಲಿ ಕೊನೆಯ ಮಾತು ಎಂದೂ ತೌನೊನದಾಗಿರಲಿಲ್ಲ. ಕಾಲೆವಿಯದೂ ಆಗಿರಲಿಲ್ಲವೆನ್ನಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇವತ್ತು ಮಾತ್ರ ಕಾಲೆವಿ ಎದುರಾಡುವಂತಿಲ್ಲ. ಇಂಥ ಅವಕಾಶ ಬಿಟ್ಟುಕೊಡುವವನು ಮಾತಿಗೆ ಹೆಸರಾದ ಫಿನ್ಲೆಂಡಿನ ಸಾವೊ ಸೀಮೆಯವನೇ ಅಲ್ಲ.

*

ನಲವತ್ನಾಲ್ಕನೇ ಇಸವಿ, ಯುದ್ಧದ ಕೊನೆಯ ಬೇಸಿಗೆ. ರಷ್ಯದ ಗಡಿಯ ಕರೇಲಿಯದ ಕಾಡಿನಲ್ಲಿ ಒಂದು ಗುಂಡಿ, ಗುಂಡಿಯಲ್ಲಿ ಐದು ಜನ ಫಿನ್ನಿಷ್ ಹುಡುಗರು. ರಷ್ಯನ್ನರ ಟ್ಯಾಂಕುಗಳು ಕಾಡುದಾರಿ ಹಿಡಿದು ಬಂದವು. ನಾಲ್ಕಾಳೆತ್ತರದ ಮರಗಳು ಕಡ್ಡಿ ಮುರಿದಂತೆ ಮುರಿದು ಬೀಳುತ್ತಿದ್ದವು. ಟ್ಯಾಂಕುಗಳ ಮರೆಯಲ್ಲಿ ಕಾಲಾಳುಗಳು ಕೂಗುತ್ತ ಓಡಿ ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಗುಂಡಿಯಲ್ಲಿ ಜೀವಂತ ಉಳಿದವರು ಇಬ್ಬರೇ.

ಎಲ್ಲಕ್ಕಿಂತ ಮುಂದಿದ್ದ ಟ್ಯಾಂಕು ನೇರವಾಗಿ ಅವರ ಕಡೆಗೇ ತಿರುಗಿತು. ತೌನೊ ಗುಂಡಿಯ ಅಂಚಿಗೆ ಆನಿಸಿದ್ದ ದಿಮ್ಮಿಯೊಂದನ್ನು ಕಿತ್ತು, ತೆವಳಿಕೊಂಡು ಹೋಗಿ, ಟ್ಯಾಂಕಿನ ಚಕ್ರಗಳ ಸಂದಿಗೆ ತುರುಕಿದ. ಅದೇ ಹೊತ್ತಿಗೆ ಆಚೆ ಬದಿಯಿಂದ ಕಾಲೆವಿ ಸಿಡಿಮದ್ದಿನ ಗಂಟನ್ನು ಎಂಜಿನ್ನಿನ ಮೇಲೆಸೆದ. ಮೊದಲು ಚಕ್ರ ಕಚ್ಚಿಕೊಂಡಿತೋ, ಮೊದಲು ಮದ್ದು ಸಿಡಿಯಿತೋ, ದೇವರೇ ಬಲ್ಲ. ಟ್ಯಾಂಕು ನಿಂತಿತು. ದಾರಿ ಕಟ್ಟಿತು. ಹಿಂದಿನವು ಮರಗಳ ನಡುವೆ ಸಿಕ್ಕಿಹಾಕಿಕೊಂಡವು, ಕಾಲಾಳುಗಳು ಸಂಜೆಯೊಳಗೆ ಹಿಂದೆ ಸರಿದರು.

ಸ್ಫೋಟದಿಂದ ಎರಡು ದಿನ ಇಬ್ಬರಿಗೂ ಕಿವಿ ಕೇಳಿಸಲಿಲ್ಲ. ಜಗಳ ಶುರುವಾದದ್ದು ಆಗಲೇ. ಒಬ್ಬನದು ಇನ್ನೊಬ್ಬನಿಗೆ ಒಂದಕ್ಷರ ಕೇಳಿಸದಿದ್ದರೂ "ನನ್ನ ದಿಮ್ಮಿ!", "ನನ್ನ ಮದ್ದು!" ಎಂದು ಗಂಟಲು ಹರಿಯುವಂತೆ ಕೂಗಾಡಿದರು.

ಬಹುಮಾನವೆಂದು ಆಗಸ್ಟಿನಲ್ಲಿ ಒಂದು ರಜೆ ಬಂತು. ಒಂದೇ ಒಂದು. ಚೀಟಿ ಎತ್ತಿದರು, ಕಾಲೆವಿಗೆ ಸಿಕ್ಕಿತು. ಊರಿಗೆ ಹೋಗಿ ಬಂದವನ ಬೆರಳಿನಲ್ಲಿ ನಿಶ್ಚಿತಾರ್ಥದ ಉಂಗುರ. ಹುಡುಗಿ ಲೆಂಪಿ, ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದವಳು.

ಗುಂಡಿಯಲ್ಲಿ ಸತ್ತ ಮೂವರ ಹೆಸರನ್ನು ಇಬ್ಬರೂ ಆಮೇಲೆ ಎತ್ತಲಿಲ್ಲ. ಎತ್ತುವ ಧೈರ್ಯವಿರಲಿಲ್ಲ. ಟ್ಯಾಂಕಿನ ಜಗಳ ತೆಗೆದರೆ ಸಾಕು, ಅವರನ್ನೊಮ್ಮೆ ನೋಡಿ ಬಂದಂತಾಗುತ್ತಿತ್ತು.

*

ಚರ್ಚಿನಲ್ಲಿ ಒಬ್ಬೊಬ್ಬರೇ ಪೆಟ್ಟಿಗೆಯ ಬಳಿ ಹೋಗಿ, ಹೂವಿಟ್ಟು, ರಿಬ್ಬನ್ನಿನ ಮೇಲಿದ್ದುದನ್ನು ಓದಿ ಬರುತ್ತಿದ್ದರು. ತೌನೊನ ಸರದಿ ಬಂತು. ಕನ್ನಡಕ ಏರಿಸಿ, ಕೊನೆಯ ಬೆಂಚಿನವರಿಗೂ ಕೇಳುವಂತೆ ಓದಿದ:

"ಕಾಲೆವಿಗೆ. ನಿಲ್ಲಿಸಿದ್ದು ದಿಮ್ಮಿ. ತೌನೊ."

ಯಾರೋ ಕೆಮ್ಮಿದರು. ಪ್ರಾರ್ಥನೆ ನಡೆಸುತ್ತಿದ್ದ ಪಾದ್ರಿಯಮ್ಮ ಪುಸ್ತಕದಲ್ಲಿ ಮುಖ ಹುದುಗಿಸಿದಳು. ನಗುವಿಗೆ ಅವಳ ಭುಜ ಕುಲುಕುತ್ತಿತ್ತು. ತೌನೊ ಮಾತ್ರ ಅಲ್ಲೇ ನಿಂತಿದ್ದ. ತಾನು ಉತ್ತರಕ್ಕೆ ಕಾಯುತ್ತಿದ್ದೇನೆಂದು ಅವನಿಗೆ ಆಮೇಲೆ ಹೊಳೆಯಿತು.

ಮಣ್ಣು ಕೊಟ್ಟ ಮೇಲೆ ಎಲ್ಲರೂ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕಾಫಿಗೆ ಕೂತರು. ಕಾಲೆವಿಯ ಮಗಳು ರೈಲಿ ಬಂದು ತೌನೊನ ಕಪ್ಪು ತುಂಬಿಸಿದಳು.

"ಹೌದು ಬಿಡಿ ಮಾಮ," ಎಂದಳು ಮೆಲ್ಲಗೆ. "ನಿಮ್ಮ ದಿಮ್ಮಿಯಿಂದಾನೇ ಆಗಿದ್ದು."

"ಅಲ್ವಾ ಮತ್ತೆ!" ಎಂದ ಪಕ್ಕದ ಮನೆಯ ಓಸ್ಮೊ. "ದಿಮ್ಮಿ ಅಂದ್ರೆ ಸುಮ್ನೇನಾ? ಒಪ್ಕೊಂಡ್ವಪ್ಪ. ಕೇಕ್ ತಗೋ."

ಮಕ್ಕಳನ್ನು ಸುಮ್ಮನಾಗಿಸುವ ದನಿ ಅದು. ಅರ್ಧ ಶತಮಾನ ಕಾದಿದ್ದ ಗೆಲುವು ಹೀಗೆ ಕೇಕಿನ ಜೊತೆ ತಟ್ಟೆಗೆ ಬಿದ್ದಿತ್ತು. ತೌನೊಗೆ ಅಳು ಒತ್ತರಿಸಿ ಬಂತು. ಇನ್ನು ಈ ಊರಿನಲ್ಲಿ ಯಾರ ಜೊತೆ ಜಗಳವಾಡುವುದು? ಜಗಳವಾಡುವವರೇ ಇಲ್ಲದ ಮೇಲೆ ಆ ಕಾಡು, ಆ ಗುಂಡಿ, ಆ ಮೂವರು ಹುಡುಗರು ಎಲ್ಲಿರಬೇಕು? ತನ್ನೊಬ್ಬನ ಮುದಿತಲೆಯೊಳಗೇ? ಅವನು ಕೋಟನ್ನು ಹೆಗಲಿಗೆ ಹಾಕಿಕೊಂಡು ಎದ್ದ.

"ಸುಳ್ಳು."

ಮೇಜಿನ ಆ ತುದಿಯಿಂದ ಬಂದ ಮಾತು. ಕರಿ ಬಟ್ಟೆಯುಟ್ಟ ಲೆಂಪಿ ಕರವಸ್ತ್ರವನ್ನು ಮಡಚಿ ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಅಮ್ಮಾ..." ಎಂದಳು ರೈಲಿ.

"ನೀನು ಸುಮ್ನಿರೇ. ಇವನು ಚರ್ಚಲ್ಲಿ ನಿಂತು, ನನ್ನ ಗಂಡ ಬಾಯಿ ಬಿಡಕ್ಕಾಗಲ್ಲ ಅಂತ, ಸುಳ್ಳು ಓದ್ತಾನೆ. ಅದೇನು ದಿಮ್ಮಿ ಹೇಳು ತೌನೊ, ಯಾವ ಮರದ್ದು?"

"ಪೈನ್," ಎಂದ ತೌನೊ.

"ಈಗ ಪೈನು! ಯುದ್ಧ ನಿಂತ ವರ್ಷ ಬರ್ಚ್ ಅಂದಿದ್ದೆ. ಇವಳ ಮದುವೆ ಹೊತ್ತಿಗೆ ಸ್ಪ್ರೂಸ್ ಆಗಿತ್ತು. ನೆಲದಲ್ಲಿ ಬೆಳೆಯೋ ಮರ ನೋಡಿದೀನಿ, ಬಾಯಲ್ಲಿ ಬೆಳೆಯೋ ಮರ ಇದೊಂದೇ ನೋಡಿದ್ದು."

ಸಭಾಂಗಣ ಗೊಳ್ಳೆಂದಿತು. ತೌನೊನ ಕಿವಿ ಕೆಂಪಾಯಿತು. ಕೋಟು ಹೆಗಲಿಂದ ಜಾರಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

"ಯಾವ ಮರ ಆದ್ರೇನೇ! ಚಕ್ರ ಕಚ್ಕೊಳ್ತೋ ಇಲ್ವೋ?"

"ಕಚ್ಕೊಂಡ್ರೆ ಆ ರಜೆ ನಿಂದಾಗ್ಬೇಕಿತ್ತು. ಆ ರಜೇಲೇ ಅವನು ನನ್ನ ಮದುವೆಗೆ ಕೇಳಿದ್ದು. ಹಂಗಾದ್ರೆ ಅದು ಕಳ್ಳ ರಜೆ, ನಂದು ಕಳ್ಳ ಮದುವೆ, ಈ ರೈಲಿ ಕಳ್ಳ ಮಗಳು. ಪಾದ್ರಿಯಮ್ಮ, ನೀವೇ ಹೇಳಿ, ಗಂಡನ ಮಣ್ಣು ಮಾಡಿದ ದಿನ ಇದನ್ನ ನಾನು ಒಪ್ಕೋಬೇಕಾ?"

"ಕಷ್ಟ ಕಣಮ್ಮ," ಎಂದಳು ಪಾದ್ರಿಯಮ್ಮ ಕಣ್ಣೊರೆಸಿಕೊಳ್ಳುತ್ತ.

ಲೆಂಪಿ ಮೀನು ತುಂಬಿ ಬೇಯಿಸಿದ ದೊಡ್ಡ ಕರಿರೊಟ್ಟಿಯನ್ನು ತಟ್ಟೆಯಿಂದೆತ್ತಿ ಮೇಜಿನ ನಡುವೆ ಇಟ್ಟಳು. "ಇದು ಟ್ಯಾಂಕು. ಈ ಚಮಚ ನಿನ್ನ ದಿಮ್ಮಿ. ಸಕ್ಕರೆ ಅಚ್ಚು ನಮ್ಮ ಮದ್ದು. ಬಾ, ತೋರಿಸು, ಎಲ್ಲಿಟ್ಟೆ?"

ತೌನೊ ಕುರ್ಚಿ ಎಳೆದು ಅವಳ ಎದುರಿಗೆ ಕೂತ. ಜನ ಕಪ್ಪು ಹಿಡಿದುಕೊಂಡು ಸುತ್ತ ಮುತ್ತಿದರು. ಅವನು ಗುಂಡಿ ಎಲ್ಲಿತ್ತೆಂದು ತೋರಿಸಲು ಐದು ಬೆರಳು ಮೇಜಿನ ಮೇಲೂರಿದ. ಮೂರನ್ನು ಮಡಚಬೇಕಾದಾಗ ಕೈ ತಡೆಯಿತು. ಲೆಂಪಿ ನೋಡಿದಳು, ಅವನ ಕೈಯನ್ನೊಮ್ಮೆ ಒತ್ತಿದಳು.

ತೌನೊ ಬಗ್ಗಿ ಅವಳಿಗಷ್ಟೇ ಕೇಳುವಂತೆ ಕೇಳಿದ: "ನಿಜ ಹೇಳು ಲೆಂಪಿ. ನೀವಿಬ್ರೇ ಇದ್ದಾಗ ಅವನು ಏನಂತಿದ್ದ?"

"ಅದನ್ನ ಹೇಳ್ಬಿಟ್ರೆ ಶನಿವಾರ ನೀನು ಯಾಕೆ ಬರ್ತೀಯ?"

"ಶನಿವಾರಾನಾ?"

"ಸೌನಾ ಕಾಯಿಸಿಟ್ಟಿರ್ತೀನಿ. ಬೆವರೋದು ನೀನೊಬ್ನೇ ಬೆವರು. ಜಗಳ ಮಾತ್ರ ಹೊರಗೆ, ಮೆಟ್ಲ ಮೇಲೆ, ಬಟ್ಟೆ ಹಾಕ್ಕೊಂಡು."

ತೌನೊ ಮೂಗು ಸೀಟಿಕೊಂಡ, ಕನ್ನಡಕ ಸರಿ ಮಾಡಿಕೊಂಡ. ಆಮೇಲೆ ಚಮಚವನ್ನು ರೊಟ್ಟಿಯ ಕಡೆಗೆ ಒಂದಂಗುಲ ತಳ್ಳಿದ. ಲೆಂಪಿ ಅದನ್ನು ಎರಡು ಬೆರಳಲ್ಲಿ ಹಿಡಿದು ಮತ್ತೆ ಹಿಂದಕ್ಕೆಳೆದಳು.