ಒಂದು ಹಲಗೆ, ಆರು ಗ್ಲಾಸು

"ಹೆಣ್ಮಕ್ಕಳು ಬೆಂಗಳೂರಿಗೆ ಹೋಗಿ ಏನ್ ಕಡಿದು ಗುಡ್ಡಿ ಹಾಕ್ತಾರ?"

ವಿರುಪಮ್ಮ ಇದನ್ನು ಯಾರನ್ನೂ ಕೇಳಲಿಲ್ಲ. ಪಡಸಾಲೆಯಲ್ಲಿ ಆಗ ಇದ್ದದ್ದು ಅವಳು, ಅವಳ ಮುಂದೊಂದು ಮೊರ, ಮೊರದಲ್ಲಿ ತಮ್ಮದೇ ಮಿಲ್ಲಿನ ಅಕ್ಕಿ. ಅಕ್ಕಿಯನ್ನೇ ಕೇಳಿದಂತೆ ಕೇಳಿದಳು. ಆದರೆ ಕೇಳುವಾಗ ಬಾಯಿ ಮಾತ್ರ ಮಹಡಿಯ ಮೆಟ್ಟಿಲಿನ ಕಡೆಗಿತ್ತು.

ಮಹಡಿಯ ಕೋಣೆಯಲ್ಲಿ ಸೊಸೆ ಸುಮಲತಾ ಬಾಗಿಲು ಎಳೆದು ಮುಚ್ಚಿದಳು. "ಕೇಳಿದ್ರೇನು? ಮುಂಜಾನಿಂದ ಇದ ಹಾಡು. ರಾಗಾನೂ ಬದಲಾಗವಲ್ದು."

ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ತುಳಸಿ ನಕ್ಕಳು. ಕಿಟಕಿಯ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಪಲ್ಲವಿಯೂ ನಕ್ಕಳು. ಮೂವರೂ ಹೊಸಪೇಟೆಯಲ್ಲಿ ಅದಿರು ಸಾಗಿಸುವ ಒಂದು ಕಂಪನಿಯ ಆಫೀಸಿನವರು. ಸುಮಲತಾ ಕಂಪ್ಲಿಯಿಂದ, ತುಳಸಿ ಸಂಡೂರಿನಿಂದ, ಪಲ್ಲವಿ ಗಾದಿಗನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವವರು. ಪಲ್ಲವಿ ಆ ಕೋಣೆಗೆ ಹಿರಿಯಳು. ಉಳಿದಿಬ್ಬರ ರಜೆಗೆ ಸಹಿ ಹಾಕುವವಳು ಅವಳೇ.

ಬೆಂಗಳೂರಿನ ಮಾತು ಹುಟ್ಟಿದ್ದು ತುಳಸಿಯ ಫೋನಿನಲ್ಲಿ. ಅಲ್ಲಿ ಒಂದು ಪಟವಿತ್ತು. ಉದ್ದನೆಯ ಮರದ ಹಲಗೆ, ಹಲಗೆಯಲ್ಲಿ ಆರು ಗುಂಡಿ, ಗುಂಡಿಗೊಂದು ಪುಟ್ಟ ಗ್ಲಾಸು. ಒಂದರಲ್ಲಿ ಜೇನಿನ ಬಣ್ಣದ ಬೀರು, ಒಂದರಲ್ಲಿ ಚಹಾದ್ದು, ಒಂದರಲ್ಲಿ ಕಾಕಂಬಿಯದ್ದು. ಅಲ್ಲೇ ಗಾಜಿನ ಹಿಂದೆ ದೊಡ್ಡ ತಾಮ್ರದ ಹಂಡೆಗಳಲ್ಲಿ ಕುದಿಸಿ ಮಾಡಿದ್ದಂತೆ. ಆರನ್ನೂ ಒಂದೊಂದು ಗುಟುಕು ರುಚಿ ನೋಡಿ, ಹಿಡಿಸಿದ್ದನ್ನು ದೊಡ್ಡ ಗ್ಲಾಸಿನಲ್ಲಿ ತರಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಆ ಪಟವನ್ನು ಮೂವರೂ ಊಟದ ಹೊತ್ತಿನಲ್ಲಿ ಎಷ್ಟು ಸಲ ನೋಡಿದ್ದರೆಂದರೆ ಪುಟ್ಟ ಗ್ಲಾಸುಗಳ ಮೇಲಿನ ನೊರೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಯೋಜನೆ ಸಲೀಸಾಗಿತ್ತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವುದು. ಬೆಳಿಗ್ಗೆ ಲಾಲ್‌ಬಾಗು, ಮಧ್ಯಾಹ್ನ ಮ್ಯೂಸಿಯಂ, ಸಂಜೆ ಹಲಗೆ. ರಾತ್ರಿಗೆ ಸುಮಲತಾ ಗೊತ್ತುಮಾಡಿದ ಒಂದು ರೂಮು: ಒಂದು ಮಂಚ, ನೆಲಕ್ಕೊಂದು ಹಾಸಿಗೆ. ಮರುದಿನ ಕಬ್ಬನ್ ಪಾರ್ಕು, ಮತ್ತೊಂದು ಕಡೆ ಮತ್ತೊಂದು ಹಲಗೆ. ಮನೆಗಳಿಗೆ ಹೇಳುವುದು ಮಾತ್ರ ಬೇರೆ: ಆಫೀಸಿನ ಟ್ರೇನಿಂಗ್.

"ಲೋಕದ ಮಂದಿಯೆಲ್ಲ ಹಂಪಿ ಕಲ್ಲು ನೋಡಾಕ ಬರ್ತಾರ. ನಾವು ಅದನ್ನ ಬಿಟ್ಟು ಲಾಲ್‌ಬಾಗಿನ ಒಂದ ಬಂಡೆ ನೋಡಾಕ ಹೊಂಟೀವಿ," ಎಂದಳು ತುಳಸಿ.

"ಹಂಪ್ಯಾಗ ಕುಡಿಯಾಕ ಆಕ್ಕತೇನು? ವಿರೂಪಾಕ್ಷಗ ನಮ್ಮ ಮುಖ ಪರಿಚಯ ಐತಿ," ಎಂದಳು ಸುಮಲತಾ. "ಲಾಲ್‌ಬಾಗಿನ ಬಂಡೆಗೆ ನಾವು ಯಾರ ಮಕ್ಕಳೋ, ಯಾರ ಸೊಸೇರೋ."

ಈ ಮಾತು ಹೇಳುವಾಗ ಸುಮಲತಾಳ ಮುಖದಲ್ಲಿ ನಗುವಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ಕಂಡದ್ದು ಕಂಪ್ಲಿಯ ಬಸ್‌ಸ್ಟ್ಯಾಂಡು, ಹೊಸಪೇಟೆಯ ಆಫೀಸು, ನಡುವೆ ಕಾಲುವೆ, ಗದ್ದೆ, ಕಬ್ಬು. ಗಂಡ ಮಾರುತೇಶ್ ಮಿಲ್ಲು ಬಿಟ್ಟು ಬರುವವನಲ್ಲ, ಅತ್ತೆ ಕಳಿಸುವವಳಲ್ಲ. ಸೊಸೆಯ ಬಸ್ಸು ತಡವಾದರೆ ವಿರುಪಮ್ಮ ಬಾಗಿಲಲ್ಲಿ ನಿಂತು ಬಸ್ಸಿಗೇ ಶಾಪ ಹಾಕುತ್ತಿದ್ದಳು.

ಪಲ್ಲವಿಯದು ಬೇರೆ ಸಂಕಟ. ಅವಳ ತಂದೆ ಹುಸೇನಪ್ಪ ಬುದ್ಧನಿಗೆ ಶರಣಾದವರು. ಭಾನುವಾರ ಬೆಳಿಗ್ಗೆ ಮಿಂದು, ಬಾಬಾಸಾಹೇಬರ ಪಟಕ್ಕೂ ಬುದ್ಧನ ಮೂರ್ತಿಗೂ ದೀಪ ಹಚ್ಚಿ ಅವರು ಪಂಚಶೀಲ ಹೇಳಿಕೊಡುತ್ತಿದ್ದರು, ಮನೆಮಂದಿ ಹಿಂದಿನಿಂದ ಹೇಳುತ್ತಿದ್ದರು. ಅರ್ಥ ತಿಳಿಯುವ ಮೊದಲೇ ಆ ಸಾಲುಗಳ ಏರಿಳಿತ ಪಲ್ಲವಿಯ ಉಸಿರಿಗೆ ಹತ್ತಿತ್ತು. ನಾಲ್ಕನೆಯದು ಸುಳ್ಳಾಡೆನೆಂಬುದು. ಐದನೆಯದು ಅಮಲು ಮುಟ್ಟೆನೆಂಬುದು. ಇಂದೂ ಭಾನುವಾರ. ಬೆಳಿಗ್ಗೆ ನಾಲ್ಕನೆಯದನ್ನು ಹೇಗೋ ದಾಟಿದಳು. ಐದನೆಯದಕ್ಕೆ ತುಟಿ ಆಡಿತು, ದನಿ ಬರಲಿಲ್ಲ.

ಎರಡನ್ನೂ ಮುರಿಯಲು ಅವಳು ಒಪ್ಪಿದ್ದು ಒಂದು ಮಾತಿಗಾಗಿ. "ನೀ ಇಲ್ಲದ ನಾವು ಹೋಗಂಗಿಲ್ಲ ನೋಡು" ಎಂದು ಸುಮಲತಾ ಅಂದಿದ್ದಳು. ಶಾಲೆಯಲ್ಲಾಗಲಿ, ಕಾಲೇಜಿನಲ್ಲಾಗಲಿ, ಯಾವ ಪ್ರವಾಸದ ಮಾತಿನಲ್ಲೂ ಪಲ್ಲವಿಯ ಹೆಸರನ್ನು ಯಾರೂ ಮೊದಲು ಸೇರಿಸಿರಲಿಲ್ಲ. ಆ ಮಾತನ್ನು ಅವಳು ಮಂತ್ರದ ಹಾಗೆ ಮನಸ್ಸಿನಲ್ಲಿ ಹೊರಳಿಸುತ್ತಿದ್ದಳು. ಅಮಲಿಗಿಂತ ಆ ಹಲಗೆಯ ಸುತ್ತ ಮೂರನೆಯವಳಾಗಿ ಕೂರುವುದು ಅವಳಿಗೆ ಬೇಕಾಗಿತ್ತು.

ಬಂದಾಗ ಕೆಳಗೆ ವಿರುಪಮ್ಮ ತುಳಸಿಗೆ ಸ್ಟೀಲಿನ ಲೋಟದಲ್ಲಿ, ಪಲ್ಲವಿಗೆ ಕಾಗದದ ಕಪ್ಪಿನಲ್ಲಿ ಚಹಾ ಕೊಟ್ಟಿದ್ದಳು. ಮೆಟ್ಟಿಲು ಹತ್ತುವಾಗ ಸುಮಲತಾ ಪಲ್ಲವಿಯ ಕಿವಿಯಲ್ಲಿ, "ಮುದುಕಿ ಹಂಗ. ಮನಸಿಗೆ ಹಚ್ಚಕೋಬ್ಯಾಡ. ನಾವು ಹಂಗಲ್ಲ," ಎಂದಿದ್ದಳು. ಪಲ್ಲವಿ ಹಚ್ಚಿಕೊಂಡಿರಲಿಲ್ಲ.

"ಹ್ಞಾಂ, ಈಗ ಟ್ರೇನಿಂಗ್ ಶುರು," ಎನ್ನುತ್ತ ತುಳಸಿ ಚೀಲದಿಂದ ದುಪಟ್ಟಾ ತೆಗೆದು, ದುಪಟ್ಟಾದೊಳಗಿಂದ ಬೀರಿನ ಡಬ್ಬಿ ತೆಗೆದಳು. "ಅಲ್ಲಿ ಹೋಗಿ ಮೊದಲನೇ ಗುಟುಕಿಗೇ ಮುಖ ಕಿವಿಚಿದ್ರ ಮರ್ಯಾದಿ ಹೊಕ್ಕತಿ. ಇಲ್ಲೇ ಕಿವಿಚಿ ಮುಗಿಸ್ರಿ."

"ಯಾರ ತಂದುಕೊಟ್ರೇ?" ಎಂದಳು ಸುಮಲತಾ.

"ನಮ್ಮಣ್ಣ. ತಲಿನೋವಿನ ಗುಳಿಗಿ ತಾ ಅಂದ್ರ ಮೂರು ದಿನ ಬೇಕು. ಇದನ್ನ ತಾ ಅಂದೆ, ಚಪ್ಪಲೀನೂ ಹಾಕ್ಕೊಳ್ಳದ ಓಡಿದ."

ಡಬ್ಬಿ ಬಿಚ್ಚುವ ಸದ್ದು ಕೆಳಗೆ ಕೇಳದಿರಲೆಂದು ಸುಮಲತಾ ಕೆಮ್ಮಿದಳು. ಒಂದು ತಾಟಿನಲ್ಲಿ ಆರು ಪುಟ್ಟ ಸ್ಟೀಲಿನ ಲೋಟಗಳನ್ನು ಸಾಲಾಗಿಟ್ಟು ಹಲಗೆಯ ಹಾಗೆ ಮಾಡಿದಳು. ಆರಕ್ಕೂ ಸಮ ಸುರಿದಳು. ಒಂದೊಂದು ಲೋಟವೂ ಮೂರು ಬಾಯಿಗೆ ಹೋಗಬೇಕು, ಬೆಂಗಳೂರಿನಲ್ಲೂ ಹಾಗೆಯೇ ಎಂದು ತೀರ್ಮಾನವಾಯಿತು.

ಮೊದಲ ಲೋಟವನ್ನು ತುಳಸಿ ಎತ್ತಿದಳು. ಈ ಕಡೆಯ ಮನೆಗಳಲ್ಲಿ ಒಂದೇ ಲೋಟದಿಂದ ನಾಲ್ಕು ಮಂದಿ ಕುಡಿಯುವುದುಂಟು, ಆದರೆ ತುಟಿ ತಾಗಿಸುವುದಿಲ್ಲ. ತಲೆ ಹಿಂದಕ್ಕೆ ಚಾಚಿ, ಮೇಲಿನಿಂದ ಧಾರೆಯಾಗಿ ಬಾಯಿಗೆ ಬಿಟ್ಟುಕೊಳ್ಳುತ್ತಾರೆ. ನೀರು, ಮಜ್ಜಿಗೆ ಆ ಧಾರೆಗೆ ಒಗ್ಗುತ್ತವೆ. ಬೀರು ಒಗ್ಗಲಿಲ್ಲ. ನೊರೆ ಮೂಗಿಗೆ ಹೊಕ್ಕು ತುಳಸಿ ಸೀನಿದಳು.

"ಏ ಹುಚ್ಚಿ, ತುಟಿ ಹಚ್ಚು! ಅಲ್ಲಿ ಹಿಂಗ ನಳಕ್ಕ ಬಾಯಿ ಹಿಡಿದಂಗ ಹಿಡಿದ್ರ ಮಂದಿ ವಿಡಿಯೋ ಮಾಡಿ ಬಿಡ್ತಾರ." ಸುಮಲತಾ ಲೋಟ ಕಸಿದು ತಾನು ತುಟಿ ಹಚ್ಚಿ ಹೀರಿ, ಮರಳಿ ಅವಳಿಗೇ ಕೊಟ್ಟಳು. "ಕುಡಿ. ನಂದು ನಿಂದು ಎಂಜಲ ಏನೇ?"

ತುಳಸಿಯೂ ಹೀರಿದಳು. ಆಮೇಲೆ ಪಲ್ಲವಿ. ಕಹಿ. ಕಷಾಯ ಆರಿ ಹುಳಿ ತಿರುಗಿದಂತಿತ್ತು. ನುಂಗಿ, ಒಂದು ಗುಟುಕು ಉಳಿಸಿ ಲೋಟವನ್ನು ಸುಮಲತಾಳ ಮುಂದೆ ಹಿಡಿದಳು. ಸುಮಲತಾ ಅದನ್ನು ತೆಗೆದುಕೊಂಡು ಕಿಟಕಿಯಿಂದ ಹಿತ್ತಲಿಗೆ ಚೆಲ್ಲಿದಳು.

"ನೊರಿ ಹೋಗಿತ್ತು," ಎಂದಳು.

ಎರಡನೆಯ ಲೋಟ. ಸುಮಲತಾ, ತುಳಸಿ, ಪಲ್ಲವಿ. ಉಳಿದದ್ದು ಮತ್ತೆ ಹಿತ್ತಲಿಗೆ. ಈ ಸಲ ಮಾತಿಲ್ಲ.

ಪಲ್ಲವಿಗೆ ಮೊದಲು ತಿಳಿಯಲಿಲ್ಲ ಎನ್ನುವುದು ಸುಳ್ಳು. ತಿಳಿದಿತ್ತು. ತಿಳಿದದ್ದನ್ನು ಪಕ್ಕಕ್ಕಿಟ್ಟು ನೋಡುವ ಅಭ್ಯಾಸ ಅವಳಿಗೆ ಬಾಲ್ಯದಿಂದ ಇತ್ತು. ಮೂರನೆಯ ಲೋಟಕ್ಕೆ ಅವಳು ಎಲ್ಲರಿಗಿಂತ ಮೊದಲು ಕೈ ಹಾಕಿದಳು. ಸ್ವಲ್ಪ ಹೀರಿ, ಮುಂದೆ ಚಾಚಿದಳು.

"ತಗೋ ಸುಮಾ."

"ನಂಗ ಸಾಕವ್ವಾ. ತಲಿ ಜುಂ ಅನ್ನಕತ್ತೇತಿ."

"ತುಳಸಿ?"

"ನಂಗೂ ಹಂಗ ಆಗೇತಿ," ಎಂದಳು ತುಳಸಿ, ಫೋನು ನೋಡುತ್ತ.

ಪಲ್ಲವಿ ಮೂರನೆಯದನ್ನು ತಾಟಿನಲ್ಲಿಟ್ಟಳು. ನಾಲ್ಕನೆಯದನ್ನು ಎತ್ತಿ ಒಂದು ಗುಟುಕು ಹೀರಿ ಇಟ್ಟಳು. ಐದನೆಯದಕ್ಕೆ ಕೈ ಹೋದಾಗ ಸುಮಲತಾ ಅಂಗೈ ಅಡ್ಡ ಹಿಡಿದಳು.

"ಏ, ಎಲ್ಲಾ ಕೆಡಸಬ್ಯಾಡೇ!"

ಬಾಯಿಯಿಂದ ಬಿದ್ದ ಮಾತು ಮೂವರ ನಡುವೆ ಬಿದ್ದೇ ಇತ್ತು.

"ಕೆಡ್ತದೇನು?" ಪಲ್ಲವಿ ಮೆಲ್ಲಗೆ ಕೇಳಿದಳು.

"ಹಂಗಲ್ಲೇ. ನೋಡು, ಬೆಂಗಳೂರಾಗ ಈ ರಗಳಿ ಬ್ಯಾಡ. ನಿಂಗ ಬ್ಯಾರೆ ಹಲಗಿ ಹೇಳೋಣ. ಆರಕ್ಕ ಆರೂ ನಿಂದ. ನಮಗ ಹಂಚಿಕೊಂಡು ಅರ್ಧಮರ್ಧ, ನಿಂಗ ಪೂರಾ. ಲಾಭ ಯಾರಿಗೆ?"

"ವಿಐಪಿ," ಎಂದಳು ತುಳಸಿ. ಹೇಳಿ ನಕ್ಕಳು. ನಗು ನಿಲ್ಲದೆ ದಿಂಬಿಗೆ ಮುಖ ಒತ್ತಿಕೊಂಡಳು.

"ರೂಮಿನಾಗ ನಂಗ ನೆಲಕ್ಕ ಹಾಸಿಗಿ ಹೇಳಿದ್ದು?"

"ನೀ ಬೆನ್ನು ನೋವು ಅಂತೀಯಲ್ಲ, ನೆಲ ಚಲೋ ಅಂತ..."

"ಬೆನ್ನು ನೋವು ತುಳಸಿಗೆ."

ಸುಮಲತಾ ಸಿಟ್ಟಾದಳು. ಸಿಕ್ಕಿಬಿದ್ದವರಿಗೆ ಬರುವ ಸಿಟ್ಟು. "ಭಾಳ ಆತು ನಿಂದು. ನಮ್ಮ ಮನಿ ಮಹಡಿ ಹತ್ತಿಸೀನಿ ನಿನ್ನ. ಈ ಓಣ್ಯಾಗ ಯಾರ ಹತ್ತಿಸ್ಯಾರ ಹೇಳು. ನಿನ್ನ ಸಲವಾಗಿ ನಾ ಮುದುಕಿ ಕೂಡ ಎಷ್ಟ ಬಾಯಿ ಮಾಡೀನಿ ಗೊತ್ತೈತೇನು? ನಾ ಹಂಗ ನೋಡಾಕಿ ಅಲ್ಲ. ತಾ, ಕುಡಿದು ತೋರಸ್ತೀನಿ!"

ಪಲ್ಲವಿ ಕುಡಿದಿಟ್ಟ ನಾಲ್ಕನೆಯ ಲೋಟವನ್ನು ಅವಳು ಎತ್ತಿಕೊಂಡಳು. ನಿಜವಾಗಿ ಕುಡಿಯಬೇಕೆಂದೇ ಎತ್ತಿದಳು, ಅದರಲ್ಲಿ ಮೋಸವಿರಲಿಲ್ಲ. ಲೋಟ ಬಾಯಿಯ ತನಕ ಬಂತು. ಬಂದು, ನಿಲ್ಲದೆ, ತುಟಿಯನ್ನು ದಾಟಿ ಮೇಲೆ ಹೋಯಿತು. ತಲೆ ತಾನಾಗಿ ಹಿಂದೆ ಬಾಗಿತು, ಬಾಯಿ ತಾನಾಗಿ ತೆರೆಯಿತು. ಒಂದು ಗೇಣು ಮೇಲಿನಿಂದ ಬೀರು ಧಾರೆಯಾಗಿ ಇಳಿದು, ನೊರೆಗಟ್ಟಿ, ಗಲ್ಲದ ಮೇಲಿಂದ ಸೀರೆಗೆ ಹರಿಯಿತು.

ತುಳಸಿಯ ನಗು ನಿಂತಿತು.

ಕೈ ಮಾಡಿದ್ದು ಕೈಯ ಒಡತಿಗೇ ತಡವಾಗಿ ತಿಳಿಯಿತು. ಸುಮಲತಾ ಲೋಟ ಕೆಳಗಿಟ್ಟು ಸೆರಗಿನಿಂದ ಕೊರಳು ಒರೆಸಿಕೊಂಡಳು. ಪಲ್ಲವಿ ಒರೆಸುವ ಆ ಕೈಯನ್ನೇ ನೋಡುತ್ತಿದ್ದಳು. ಬೆಳಿಗ್ಗೆ ತಂದೆಯ ಹಿಂದೆ ಬಾರದ ದನಿ ಈಗ ಗಂಟಲಿನವರೆಗೆ ಬಂದು ಕೂತ ಹಾಗಿತ್ತು.

"ಏ ಪಲ್ಲವಿ!" ಕೆಳಗಿನಿಂದ ವಿರುಪಮ್ಮ ಕರೆದಳು. ಮೊರ ಬಿಟ್ಟು ಮೆಟ್ಟಿಲ ಬುಡಕ್ಕೆ ಬಂದಿದ್ದಳು. "ಹೊರಗ ಬಾ. ಒಂದ ಮಾತು ಕೇಳ್ತೀನಿ."

ಪಲ್ಲವಿ ಬಾಗಿಲು ತೆರೆದು ಮೆಟ್ಟಿಲ ತಲೆಗೆ ನಿಂತಳು. ಸುಮಲತಾ ಹಿಂದಿನಿಂದಲೇ ಬಂದು ಬಾಗಿಲ ಮರೆಯಲ್ಲಿ ನಿಂತಳು.

"ಬೆಂಗಳೂರಾಗ ಆಫೀಸಿಂದು ಟ್ರೇನಿಂಗ್ ಐತಿ ಅಂತಾಳ ನಮ್ಮಾಕಿ. ಆಕಿ ಮಾತು ನಾ ನಂಬಂಗಿಲ್ಲ, ನನ್ನ ಮಗಾನೂ ನಂಬಂಗಿಲ್ಲ. ಇದು ಸುಳ್ಳಂತ ಗೊತ್ತಾತಂದ್ರ ನಾಳಿಂದ ಆಫೀಸೂ ಬಂದ್, ಬಸ್ಸೂ ಬಂದ್. ಮನ್ಯಾಗ ಬಿದ್ದಿರಲಿ. ಅಂದಾನ ಮಾರುತೇಶ." ಮುದುಕಿ ಕತ್ತೆತ್ತಿ ನೋಡಿದಳು. "ನಿಮ್ಮ ಕೈಲಿ ನೀರು ಮುಟ್ಟಂಗಿಲ್ಲ ನಾವು, ಅದು ಬ್ಯಾರೆ ಮಾತು. ಆದ್ರ ಹುಸೇನಪ್ಪ ಸುಳ್ಳಾಡಂಗಿಲ್ಲ ಅಂತ ಗಾದಿಗನೂರಿನ ಮಂದಿಯೆಲ್ಲ ಅಂತಾರ. ನೀ ಅವನ ಮಗಳು. ನೀ ಹೂಂ ಅಂದ್ರ ಕಳಸ್ತೀನಿ. ಹೇಳು, ಐತೋ ಇಲ್ಲೋ?"

ಬಾಗಿಲ ಮರೆಯಿಂದ ಒಂದು ಕೈ ಬಂದು ಪಲ್ಲವಿಯ ಮಣಿಕಟ್ಟು ಹಿಡಿಯಿತು. ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿಯಿತು.

"ಹೂಂ ಅನ್ನೇ ಪಲ್ಲಿ," ಸುಮಲತಾ ಪಿಸುಗುಟ್ಟಿದಳು. "ಬೆಂಗಳೂರು ಬಿಡು. ಬೀರು ಹಾಳಾಗಿ ಹೋಗಲಿ. ನನ್ನ ನೌಕರಿ ಹೊಕ್ಕತಿ. ಈ ಮನ್ಯಾಗ ನಾ ಸಾಯ್ತೀನಿ. ನಿಂಗೇನು ಖರ್ಚು? ಒಂದ ಸಲ ಹೂಂ ಅನ್ನು. ಕಾಲ ಬೀಳ್ತೀನಿ."

ಕೆಳಗೆ ವಿರುಪಮ್ಮ ಕಾಯುತ್ತಿದ್ದಳು. ಒಳಗೆ ತುಳಸಿ ತಾಟನ್ನು ಮಂಚದ ಕೆಳಗೆ ತಳ್ಳುವ ಸದ್ದು ಕೇಳಿತು. ಪಲ್ಲವಿ ಸುಮಲತಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒರಟಾಗಿ ಅಲ್ಲ, ಬಟ್ಟೆಗೆ ಹತ್ತಿದ ಮುಳ್ಳು ಬಿಡಿಸುವ ಹಾಗೆ. ಆಮೇಲೆ ಅವಳ ಕಡೆಗೆ ತಿರುಗಿ, ಕೆಳಗಿನವರೆಗೂ ಕೇಳುವ ಹಾಗೆ ಹೇಳಿದಳು.

"ಅನ್ನಂಗಿಲ್ಲ."