ಎರಡು ಒಲೆಯ ಮನೆ

ನಮ್ಮ ಒಲೆಯ ಬೆನ್ನು ಬಿರುಕು ಬಿಟ್ಟು ಎರಡು ವರ್ಷವಾಗಿತ್ತು. ಹೊಗೆಯೆಲ್ಲ ಅಡುಗೆಮನೆಯಲ್ಲೇ ಸುತ್ತುತ್ತಿತ್ತು. ಒಡೆದು ಹೊಸದು ಹೂಡೋಣ ಎಂದು ನನ್ನ ಹೆಂಡತಿ ಮೌನಮ್ಮ. ಮಣ್ಣು ಮೆತ್ತಿದರೆ ಇನ್ನೂ ಹತ್ತು ವರ್ಷ ಬರುತ್ತದೆ ಎಂದು ಅವ್ವ. ನಾನು ಶಹಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಎರಡೂ ಕಡೆಯ ಅರ್ಜಿ ಕೇಳಿ, ತೀರ್ಮಾನ ಮುಂದಕ್ಕೆ ಹಾಕಿದೆ.

ಮೌನಮ್ಮನಿಗೆ ಮೌನ ಹೆಸರಿನಲ್ಲಷ್ಟೇ. ಒಂದು ದಿನ ಕಾಲುವೆ ದಂಡೆಯಿಂದ ಮಣ್ಣು ತಂದು, ಹಳೆಯದರ ಪಕ್ಕದಲ್ಲೇ ಹೊಸ ಒಲೆ ಹೂಡಿಬಿಟ್ಟಳು. ಅದು ಒಣಗಲು ನಾಲ್ಕು ದಿನ ಬೇಕು. ಅಲ್ಲಿಯವರೆಗೆ ಹಳೆಯದರಲ್ಲೇ ಅಡುಗೆ. ಇಷ್ಟೇ ಸಂಗತಿ.

ಮಜ್ಜಿಗೆಗೆಂದು ಬಂದ ಪಕ್ಕದ ಮನೆಯ ಶರೀಫಾಬೀ ಎರಡು ಒಲೆ ನೋಡಿದಳು. ನಮ್ಮ ಕಡೆ ಒಂದು ಮನೆಯಲ್ಲಿ ಎರಡು ಒಲೆ ಎಂದರೆ ಅಣ್ಣತಮ್ಮಂದಿರು ಬೇರೆಯಾದರೆಂದೇ ಅರ್ಥ. ತನ್ನ ಕಣ್ಣೆದುರು ಇಬ್ಬರು ಮಕ್ಕಳ ಮನೆ ಪಾಲಾಗಬಾರದು ಎನ್ನುವುದು ಅವ್ವನ ಒಂದೇ ಹಟ ಎಂದು ಆಕೆಗೂ ಗೊತ್ತು. ಮಜ್ಜಿಗೆ ಮರೆತು, ಕಣ್ಣೊರೆಸಿಕೊಳ್ಳುತ್ತ ಹೋದಳು. ಸುದ್ದಿ ಟಂಟಂ ಆಟೊ ಹತ್ತಿ, ಅವ್ವನ ತವರೂರು ಗೋಗಿ ಮುಟ್ಟಿತು. ಸಂಜೆಗೆ ಅಲ್ಲಿಂದ ಸೋದರಮಾವ ಮಲ್ಕಪ್ಪ ಅಳತೆಯ ಹಗ್ಗ ಹಿಡಿದು ಬಂದಿಳಿದ.

"ಕೆನಾಲ್ ನೀರು ಬರೋ ಹೊಲ ಯಾರಿಗಿ, ಮ್ಯಾಲಿನ ಒಣ ಮಡ್ಡಿ ಯಾರಿಗಿ? ಈಗ್ಲೇ ಹೇಳಿಬಿಡ್ರಿ," ಅಂದ.

ಎಂಥ ಪಾಲು ಎಂದು ನಾನು ಕೇಳಬೇಕಿತ್ತು. ಅಷ್ಟರಲ್ಲಿ ತಮ್ಮ ಹಂಪಣ್ಣ, "ನೀರಿನ ಹೊಲ ನನಗಿರ್ಲಿ ಮಾಮಾ," ಅಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಹಾಗೆ ಅಂದನೆಂದಲ್ಲ, ನನಗಿಂತ ಮೊದಲೇ ಅಂದನಲ್ಲ ಎಂದು.

ಅವ್ವ ನಮ್ಮಿಬ್ಬರ ಮುಖ ನೋಡಿದಳು. ನಾಚಿಕೆಯಿಂದ ನನ್ನ ತಲೆ ಬಗ್ಗಿತು. ಆಕೆ ಒಳಗೆ ಹೋಗಿ ಒನಕೆ ಎತ್ತಿ, ಮೂವತ್ತು ವರ್ಷ ತಾನೇ ಸಾರಿಸಿದ ಹಳೆಯ ಒಲೆಯನ್ನು ಎರಡೇ ಏಟಿಗೆ ಪುಡಿ ಮಾಡಿದಳು.

"ಮಲ್ಕ್ಯಾ, ಈಗ ಎಷ್ಟು ಒಲಿ ಅದಾವು, ಎಣಸು."

"ಒಂದ ಅದ ಯಕ್ಕಾ," ಎಂದ ಮಾವ. "ಆದ್ರ ಅದು ಇನ್ನಾ ಹಸಿ ಅದ. ಅಡಗಿ ಹ್ಯಾಂಗ?"

ಮರೆತ ಮಜ್ಜಿಗೆಗೆಂದು ಶರೀಫಾಬೀ ಮತ್ತೆ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬಾ ಶರೀಫಾ," ಅಂದಳು ಅವ್ವ. "ಊರಿಗೆಲ್ಲ ಸುದ್ದಿ ಮುಟ್ಟಿಸಿದಾಕಿ ನೀನ. ಒಲಿ ಒಣಗೋತನಕ ನಮ್ಮ ಒಂಬತ್ತು ಮಂದೀಗಿ ನಿನ್ನ ಮನ್ಯಾಗ ರೊಟ್ಟಿ."

ನಾಲ್ಕು ದಿನ ನಾನೂ ಹಂಪಣ್ಣನೂ ಒಂದೇ ತಾಟಿನಲ್ಲಿ ಉಂಡೆವು. ಶರೀಫಾಬೀ ಮನೆಯಲ್ಲಿ ಇದ್ದ ತಾಟುಗಳೇ ಅಷ್ಟು.