ಕುಟ್ಟಾಣಿಯ ಸದ್ದು

ಚಾಮರಾಜಪೇಟೆಯ ನರ್ಸರಿ ಶಾಲೆಯೊಂದು ಮೈತ್ರೇಯಿಗೆ ಟೀಚರ್ ಕೆಲಸ ಕೊಟ್ಟಿತ್ತು. ಷರತ್ತು ಒಂದೇ: ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿ ಸೋಮವಾರ ಬಂದು ಸೇರಬೇಕು. ಮದುವೆಯಾದಾಗಿನಿಂದ ಮಲ್ಲೇಶ್ವರದ ಆ ಮನೆಯಲ್ಲಿ ಒಲೆ, ಮಡಿ, ಮಾವನ ಮಾತ್ರೆ ಎಂದು ಗಾಣದೆತ್ತಿನ ಹಾಗೆ ಸುತ್ತಿದವಳಿಗೆ ಅಂತೂ ಒಂದು ಬಾಗಿಲು ತೆರೆದಿತ್ತು.

ತರಬೇತಿ ಬಸವನಗುಡಿಯ ಒಂದು ಹಾಲ್‌ನಲ್ಲಿ. ಕಲಿಸುವ ಮೀನಾ ಮೇಡಂ ಬಾಯಿ ಜೋರು.

"ಬೆರಳು ಕುಯ್ಕೊಂಡ್ರೆ ಕಾಫಿ ಪುಡಿ ಮೆತ್ತೋರು ಕೈ ಎತ್ತಿ," ಅಂದರು. ಹಾಲ್‌ಗೆ ಹಾಲೇ ಕೈ ಎತ್ತಿತು. "ಆ ಪುಡೀನ ಕಾಫಿಗೇ ಹಾಕಿ ತಾಯೀ!"

ಆಮೇಲೆ, ಹೃದಯ ನಿಂತವರನ್ನು ಉಳಿಸಲು ಎದೆ ಒತ್ತುವ ಪಾಠ, ರಬ್ಬರ್ ಗೊಂಬೆಯ ಮೇಲೆ. "ಮೊಣಕೈ ಮಡಿಸ್ಬೇಡಿ. ಜೋರಾಗಿ, ಬೇಗ ಬೇಗ, ಒಂದೇ ಲಯದಲ್ಲಿ ಒತ್ತಿ. ನಿಧಾನ ಮಾಡಿದ್ರೋ, ಆಸಾಮಿ ಕೈಬಿಟ್ಟು ಹೋದ." ಮೈತ್ರೇಯಿ ಒತ್ತಿದ ರೀತಿಗೆ ಅವರೇ ತಲೆದೂಗಿದರು.

ಆ ಖುಷಿಯಲ್ಲಿ ಅವಳು ಮನೆಗೆ ಬಂದು ಎಲ್ಲವನ್ನೂ ಹೇಳಿಬಿಟ್ಟಳು. ಹೇಳಬಾರದಿತ್ತು. ಮಾವ ರಾಮಾನುಜ ಅವರಿಗೆ ಹೋದ ವರ್ಷವಷ್ಟೇ ಹೃದಯದ ಆಪರೇಷನ್ ಆಗಿತ್ತು. ಅತ್ತೆ ಆಂಡಾಳ್ ಎರಡೂ ಕೈ ಮುಗಿದರು.

"ಪೆರುಮಾಳೇ ಕಣ್ಬಿಟ್ಟ ಕಣೇ! ಇಷ್ಟು ಕಲ್ತಿರೋಳು ಇನ್ನು ಮನೆ ಬಿಟ್ಟು ಹೋಗೋದುಂಟಾ?"

ಗಂಡ ಆತ್ರೇಯ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಅಮ್ಮ ಹೇಳೋದೂ ನಿಜಾನೇ. ನಾನು ಆಫೀಸಲ್ಲಿದ್ದಾಗ ಅಪ್ಪಂಗೇನಾದ್ರೂ ಆದ್ರೆ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹೊರಗೆ ಹೋಗಲೆಂದು ಕಲಿತ ವಿದ್ಯೆಯೇ ಚಿಲಕ ಹಾಕಿ ಕೂತಿತು.

ಭಾನುವಾರ ಸಂಜೆ ಅವಳು ನಡುಮನೆಯಲ್ಲಿ ದಪ್ಪ ದಿಂಬೊಂದನ್ನು ಹಾಕಿದಳು. "ಅತ್ತೆ, ನೀವೂ ಕಲೀರಿ. ಸುಲಭ. ನೀವು ಕಲಿತ್ರೆ ನಾನು ಧೈರ್ಯವಾಗಿ ಹೋಗ್ಬಹುದು."

ಆಂಡಾಳ್ ಮಂಡಿಯೂರಿ ಕೂತು ದಿಂಬಿನ ಮೇಲೆ ಕೈಯಿಟ್ಟರು. ಮಗುವಿನ ಬೆನ್ನು ತಟ್ಟಿದಷ್ಟೇ ಮೆಲ್ಲಗೆ ನಾಲ್ಕು ಸಲ ಒತ್ತಿ ಕೈ ತೆಗೆದರು. "ನನ್ನ ತೋಳಲ್ಲಿ ಶಕ್ತಿ ಎಲ್ಲಿದೆಯಮ್ಮ? ವಯಸ್ಸಾಯ್ತು." ಮೈತ್ರೇಯಿ ದಿಂಬನ್ನು ಎತ್ತಿಟ್ಟಳು.

ಸೋಮವಾರ ಬೆಳಿಗ್ಗೆ ಅವಳು ಸೀರೆಯುಟ್ಟು ರೆಡಿಯಾದಳು. ಹೋಗುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಆಗ ಅಡುಗೆಮನೆಯಿಂದ ಸದ್ದು ಬಂತು. ನೈವೇದ್ಯದ ಪುಳಿಯೋಗರೆಗೆ ಮಿಕ್ಸಿ ಪುಡಿ ಆಗದೆಂದು ಆಂಡಾಳ್ ಕಬ್ಬಿಣದ ಕುಟ್ಟಾಣಿಯಲ್ಲೇ ಕುಟ್ಟುವವರು. ಡಬ್, ಡಬ್, ಡಬ್. ಪಾತ್ರೆಯ ಸ್ಟ್ಯಾಂಡ್ ಅದುರುತ್ತಿತ್ತು. ಮೈತ್ರೇಯಿಯ ತುಟಿ ತಾನಾಗಿಯೇ ಎಣಿಸತೊಡಗಿತು. ಲಯ ಒಮ್ಮೆಯೂ ತಪ್ಪಲಿಲ್ಲ. ಮೀನಾ ಮೇಡಂ ಕೇಳಿದ್ದರೆ ಭೇಷ್ ಅನ್ನುತ್ತಿದ್ದರು.

ಅವಳು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ಅತ್ತೆ ಮಡಿಯಲ್ಲಿದ್ದರು, ಒಳಗೆ ಹೋಗುವಂತಿಲ್ಲ, ಮುಟ್ಟುವಂತಿಲ್ಲ.

"ಅತ್ತೆ, ಇಷ್ಟೇ ಸಾಕು. ಹೀಗೇ ಒತ್ತಿದ್ರೆ ಮಾವ ಉಳ್ಕೋತಾರೆ."

ಕುಟ್ಟುವ ಕೈ ನಿಂತಿತು. ಆಂಡಾಳ್ ತಿರುಗಿ ನೋಡಲಿಲ್ಲ.

"ಒತ್ತೋಕೆ ಬರುತ್ತೆ ಕಣೇ," ಅಂದರು ತಗ್ಗಿದ ದನಿಯಲ್ಲಿ. "ಒತ್ತಿಯೂ ಅವರು ಹೋಗ್ಬಿಟ್ರೆ? ಅದು ನನ್ನ ಕೈಯಲ್ಲೇ ಆಗೋದು ಬೇಡ."

ಮೈತ್ರೇಯಿ ಸೆರಗು ಹಿಡಿದು ಅಲ್ಲೇ ನಿಂತಳು. ಒಳಗೆ ಕುಟ್ಟಾಣಿ ಮತ್ತೆ ಶುರುವಾಯಿತು, ಈ ಸಲ ಬೇಕೆಂದೇ ನಿಧಾನವಾಗಿ.